ಅವ್ವನ ಸೀರೆಗಳಿಂದ ಒಂದು ಕೌದಿ



ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಮೂವತ್ತನೆಯ ದಿನದ ಬಲಿಪೂಜೆಯೂ ಮುಗಿಯುತ್ತದೆ. ಬಂದ ನೆಂಟರು ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ಆಮೇಲೆ ಮನೆಯಲ್ಲಿ ಉಳಿಯುವುದು ಒಂದು ಟ್ರಂಕು. ಆನಗೋಡಿನ ನಮ್ಮ ಮನೆಯಲ್ಲಿ ಅವ್ವ ಹೋದ ಮೇಲೆ ಆ ಟ್ರಂಕನ್ನು ತೆರೆದಾಗ ಅದರಲ್ಲಿ ಹದಿನೆಂಟು ಸೀರೆಗಳಿದ್ದವು. ಹನ್ನೊಂದು ದಿನನಿತ್ಯದ ಹತ್ತಿಯ ಸೀರೆಗಳು, ಐದು ಪಾಲಿಯೆಸ್ಟರ್, ಎರಡು ರೇಷ್ಮೆ. ಹತ್ತೊಂಬತ್ತನೆಯದು, ಅವ್ವನ ಮದುವೆಯ ಇಳಕಲ್ ಸೀರೆ, ಅದರಲ್ಲಿ ಇರಲಿಲ್ಲ. ಅಕ್ಕ ಅದನ್ನು ಮೊದಲೇ ತೆಗೆದುಕೊಂಡು ಹೋಗಿದ್ದಳು. ತಂಗಿ ಆ ದಿನದಿಂದ ಅಕ್ಕನೊಡನೆ ಮಾತು ಬಿಟ್ಟಳು. ನಡುವಿನವಳು ನಾನು.

ಇಂಥ ಜಗಳಗಳನ್ನು ನೀವೂ ಕಂಡಿರಬಹುದು. ಹೊಲ ಮನೆಗಳ ಪಾಲಿಗೆ ಕಾಗದ ಪತ್ರವಿರುತ್ತದೆ, ಪಂಚರಿರುತ್ತಾರೆ. ಸೀರೆಯ ಪಾಲಿಗೆ ಏನೂ ಇರುವುದಿಲ್ಲ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಜಗಳ ಬಿಡಿಸುವ ಉಪಾಯವನ್ನಲ್ಲ. ಉಳಿದ ಹದಿನೆಂಟು ಸೀರೆಗಳಿಂದ ನಾವು ಮಾಡಿದ ಒಂದು ಕೌದಿಯನ್ನು ಕುರಿತು, ಅದನ್ನು ಮಾಡುವ ಕ್ರಮವನ್ನು ಕುರಿತು ಬರೆಯುತ್ತಿದ್ದೇನೆ. ಹೊಲಿಗೆ ಬಲ್ಲವರಿಗೆ ಇದರಲ್ಲಿ ಕೆಲವು ಸಂಗತಿಗಳು ಗೊತ್ತಿರುವವೇ. ಅವರು ಮನ್ನಿಸಬೇಕು.

ಕೌದಿ ಎಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಉದ್ದಕ್ಕೂ ಓಟದ ಹೊಲಿಗೆ ಹಾಕಿದರೆ ಕೌದಿ. ಚಳಿಗೆ ಹೊದಿಕೆ, ಕೂಸಿಗೆ ಹಾಸಿಗೆ, ಬಾಣಂತಿಗೆ ಬೆಚ್ಚನೆಯ ಮರೆ. ಸುಗ್ಗಿ ಮುಗಿದ ಮೇಲೆ ಊರಿಂದೂರಿಗೆ ಬಂದು, ಜಗಲಿಯ ಮೇಲೆ ಕುಳಿತು ಕೌದಿ ಹೊಲಿದುಕೊಟ್ಟು, ಕಾಳು ಕಡಿ, ಒಂದಿಷ್ಟು ಹಣ ಪಡೆದು ಹೋಗುತ್ತಿದ್ದ ಹೆಣ್ಣುಮಕ್ಕಳನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ. ಆಗ ಮನೆಯ ಬಟ್ಟೆಯೆಲ್ಲ ಹತ್ತಿಯದು. ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯ ಪುಸ್ತಕದಲ್ಲಿ ಓದಿದವರು ನಾವು. ಗಿರಣಿಗಳು ಮುಚ್ಚಿದವು. ಸುತ್ತಲಿನ ಹೊಲಗಳಲ್ಲಿ ಹತ್ತಿ, ಜೋಳಗಳ ಜಾಗಕ್ಕೆ ಮೆಕ್ಕೆಜೋಳ ಬಂತು. ಮನೆಯ ಬಟ್ಟೆಗೆ ಪಾಲಿಯೆಸ್ಟರ್ ಬಂತು. ಪಾಲಿಯೆಸ್ಟರ್ ಬೇಗ ಹರಿಯುವುದಿಲ್ಲ, ಆದುದರಿಂದ ಕೌದಿಗೂ ಬರುವುದಿಲ್ಲ. ಸಂತೆಯಲ್ಲಿ ಅಗ್ಗದ ರಗ್ಗು ಸಿಗತೊಡಗಿದ ಮೇಲೆ ಕೌದಿ ಅಟ್ಟ ಸೇರಿತು.

ಸಾಮಾನ್ಯ ಕೌದಿಯಲ್ಲಿ ತುಂಡುಗಳು ಚೌಕವಾಗಿಯೋ ಪಟ್ಟಿಯಾಗಿಯೋ ಇರುತ್ತವೆ. ನಾವು ಮಾಡಿದ್ದು ಅದಕ್ಕಿಂತ ಸ್ವಲ್ಪ ಬೇರೆ. ಇದರಲ್ಲಿ ತುಂಡುಗಳಿಗೆ ಒಂದು ಆಕಾರವೆಂಬುದಿಲ್ಲ. ಒಡೆದ ಗಡಿಗೆಯ ಚೂರುಗಳಂತೆ ಮೂರು ಮೂಲೆ, ಐದು ಮೂಲೆಯ ತುಂಡುಗಳು ಒಂದರ ಮಗ್ಗುಲಲ್ಲಿ ಒಂದು ಕೂಡಿರುತ್ತವೆ. ಕೂಡಿದ ಗೆರೆಯ ಮೇಲೆಲ್ಲ ಕಸೂತಿ, ತುಂಡುಗಳ ನಡುವೆ ಚಿತ್ರ. ಪಶ್ಚಿಮ ದೇಶಗಳಲ್ಲಿ ಇದಕ್ಕೆ ಕ್ರೇಜಿ ಕ್ವಿಲ್ಟ್ ಎನ್ನುತ್ತಾರೆ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಜಪಾನಿನ ಮಂಟಪವನ್ನು ಕಂಡು ಅಲ್ಲಿಯ ಹೆಂಗಸರು ಮರುಳಾದರಂತೆ. ಅಡ್ಡಾದಿಡ್ಡಿ ಬಿರುಕಿನ ಹೊಳಪುಳ್ಳ ಪಿಂಗಾಣಿ ಪಾತ್ರೆಗಳಿಂದ ಈ ಹೊಲಿಗೆಗೆ ಪ್ರೇರಣೆ ಸಿಕ್ಕಿತೆಂದು ಹೇಳುತ್ತಾರೆ. 1880ರ ದಶಕದಲ್ಲಿ ಅದು ಹುಚ್ಚಿನಂತೆ ಹಬ್ಬಿತು. ರೇಷ್ಮೆ, ಮಖಮಲ್ಲು, ರಿಬ್ಬನ್ನು, ಮದುವೆಯ ಉಡುಪಿನ ಚೂರು, ಗಂಡನ ಕೊರಳಪಟ್ಟಿ, ಎಲ್ಲವೂ ಅದರಲ್ಲಿ. ಆದರೆ ಅದು ಹೊದೆಯುವ ಬಟ್ಟೆಯಾಗಿರಲಿಲ್ಲ, ಪಡಸಾಲೆಯ ಸೋಫಾದ ಮೇಲೆ ಹರಡಿ ನೆಂಟರಿಗೆ ತೋರಿಸುವ ವಸ್ತುವಾಗಿತ್ತು. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣಗಳನ್ನು ಸೇರಿಸುತ್ತಿದ್ದರು. ಅದರಿಂದಾಗಿ ಅವುಗಳಲ್ಲಿ ಎಷ್ಟೋ ಇಂದು ಮುಟ್ಟಿದರೆ ಪುಡಿಯಾಗುತ್ತವೆ. ನಮ್ಮ ಅಜ್ಜಿಯರ ಹತ್ತಿಯ ಕೌದಿಯೇ ಅದಕ್ಕಿಂತ ಗಟ್ಟಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ನಾಡಿನಲ್ಲೇ ಇದಕ್ಕಿಂತ ಸೊಗಸಾದ ಮಾದರಿಯೊಂದಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಪೋರ್ಚುಗೀಸರು ಮುಂತಾದವರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ ಇವರು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಅನೇಕರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಥೋಲಿಕರೂ ಇದ್ದಾರೆ. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ನಾವು ತುಂಡುಗಳನ್ನು ಮೊದಲು ಕೂಡಿಸಿ ಆಮೇಲೆ ಪದರಕ್ಕೆ ಹೊಲಿಯುತ್ತೇವೆ. ಅವರು ಹಾಗಲ್ಲ. ಅಡಿಯ ಸೀರೆಯನ್ನು ಹಾಸಿ ಒಂದು ಮೂಲೆಯಿಂದ ಆರಂಭಿಸುತ್ತಾರೆ. ತುಂಡಿನ ಅಂಚನ್ನು ಮಡಿಸಿ ಇಟ್ಟು, ಓಟದ ಹೊಲಿಗೆ ಹಾಕುತ್ತಾ ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅಳತೆಪಟ್ಟಿಯಿಲ್ಲ, ಗೆರೆಯಿಲ್ಲ. ಕಥೋಲಿಕ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸಲ್ಮಾನರಲ್ಲಿ ಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಪದರಗಟ್ಟಿಸಿದ ಹೂಗಳನ್ನಿಡುತ್ತಾರೆ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯ ಕವಂದಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಈ ಹೆಂಗಸರೊಡನೆ ಕೆಲಸ ಮಾಡಿ, 2004ರ ಹೊತ್ತಿಗೆ ಅವರದೊಂದು ಸಹಕಾರ ಕೂಟ ಆರಂಭವಾಗಲು ನೆರವಾದರು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮನೆಯ ಹರಕು ಬಟ್ಟೆ ಸಮುದ್ರ ದಾಟಿತು.

ಹಾಗೆಯೇ ನಮ್ಮ ಜಿಲ್ಲೆಯ ತಾಂಡಾಗಳಲ್ಲೂ ಕಾಣುವ ಲಂಬಾಣಿ ಕಸೂತಿಯನ್ನು ಮರೆಯುವಂತಿಲ್ಲ. ತುಂಡುಬಟ್ಟೆ, ಕನ್ನಡಿ, ಕವಡೆಗಳ ಆ ಕೆಲಸಕ್ಕೆ ಸಂಡೂರಿನ ಕುಶಲ ಕಲಾ ಕೇಂದ್ರ ಹೆಸರಾಗಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ತೇಪೆ ಕೆಲಸದ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನೇ ಮಾಡಿದರು.

ಯಾವ ಬಟ್ಟೆಗೆ ಕತ್ತರಿ ಹಾಕಬೇಕು?

ಮೊದಲ ಪ್ರಶ್ನೆ ಇದೇ, ಅತ್ಯಂತ ಕಠಿಣವಾದುದೂ ಇದೇ. ನಾನು ಅಕ್ಕನಿಗೆ ಫೋನು ಮಾಡಿ, "ಅಕ್ಕ, ಇಳಕಲ್ ಸೀರೇಲಿ ಒಂದು ಗೇಣು ಕೊಡು, ಸಾಕು. ಕೌದಿಯ ನಡುವಿಗೆ ಇಡ್ತೀವಿ" ಎಂದೆ. "ಕತ್ತರಿ ಹಾಕೋಕೆ ನಿಮಗೆ ಅವ್ವನ ಮದುವೆ ಸೀರೇನೇ ಬೇಕಾಯ್ತೇನೇ?" ಎಂದು ಅಕ್ಕ ಫೋನು ಇಟ್ಟಳು.

ಆಗ ನನಗೂ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವಳ ಮಾತಿನಲ್ಲಿ ತಪ್ಪಿರಲಿಲ್ಲ ಎನಿಸುತ್ತದೆ. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೆಂಪು ರೇಷ್ಮೆಯ ಟೋಪಿ ತೆನಿ ಸೆರಗೆಂದರೆ ನೇಕಾರನ ಕೈಚಳಕ. ಅದಕ್ಕೆ ಕತ್ತರಿ ಇಟ್ಟರೆ ಮತ್ತೆ ಕೂಡಿಸುವವರಾರು? ಯೇಸುಸ್ವಾಮಿಯ ಶಿಲುಬೆಯ ಬುಡದಲ್ಲಿ ಸೈನಿಕರು ಉಳಿದ ಬಟ್ಟೆಯನ್ನು ನಾಲ್ಕು ಪಾಲು ಮಾಡಿದರೂ, ಹೊಲಿಗೆಯಿಲ್ಲದೆ ನೇಯ್ದ ಅಂಗಿಯನ್ನು ಹರಿಯಲು ಅವರಿಗೂ ಮನಸ್ಸಾಗಲಿಲ್ಲ ಎಂದು ಸಂತ ಯೊವಾನ್ನರು 19ನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಪ್ರೀತಿಯಿಂದಲ್ಲ, ಬಟ್ಟೆಯ ಬೆಲೆ ತಿಳಿದು. ಬಟ್ಟೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ.

ಆದುದರಿಂದ ನನ್ನ ಸಲಹೆ ಇಷ್ಟು. ಇನ್ನೂ ಉಡಲು ಬರುವ ಸೀರೆಯನ್ನು ಕತ್ತರಿಸಬೇಡಿ. ಯಾರಾದರೂ ಉಡಲಿ. ಹರಿದದ್ದು, ಕಲೆಯಾದದ್ದು, ಅಂಚು ಸವೆದದ್ದು, ಕುಪ್ಪಸದ ಬೆನ್ನು, ಅಪ್ಪನ ಪಂಚೆ, ಮಕ್ಕಳ ದೀಕ್ಷಾಸ್ನಾನದ ಹಳೆಯ ಅಂಗಿ, ಇವೇ ಸಾಕಷ್ಟು ಸಿಗುತ್ತವೆ. ಒಬ್ಬರಿಗಿಂತ ಹೆಚ್ಚು ಜನರಿಗೆ ಹಕ್ಕಿರುವ ಬಟ್ಟೆಯಾದರೆ, ಎಲ್ಲರೂ ಒಪ್ಪುವವರೆಗೆ ಕತ್ತರಿಯನ್ನು ಪೆಟ್ಟಿಗೆಯಲ್ಲಿಡಿ. ಕತ್ತರಿಸಿದ ಮೇಲೆ ಕೇಳುವ ಕ್ಷಮೆಯಿಂದ ಬಟ್ಟೆ ಕೂಡುವುದಿಲ್ಲ.

ನಮ್ಮ ಹದಿನೆಂಟರಲ್ಲಿ ಐದು ಪಾಲಿಯೆಸ್ಟರ್ ಸೀರೆಗಳನ್ನು ಬೇರೆಯವರಿಗೆ ಕೊಟ್ಟೆವು. ಎರಡು ರೇಷ್ಮೆಯನ್ನು ನಾನೂ ತಂಗಿಯೂ ಒಂದೊಂದು ಇಟ್ಟುಕೊಂಡೆವು, ಮಡಿಕೆಯಲ್ಲಿ ಸೀಳಿದ್ದ ಒಂದರ ಸೆರಗಿನಿಂದ ಮಾತ್ರ ಒಂದು ಗೇಣು ತೆಗೆದೆವು. ಕೌದಿಗೆ ಉಳಿದದ್ದು ಹತ್ತಿಯ ಹನ್ನೊಂದು.

ಬಟ್ಟೆಯನ್ನು ಕತ್ತರಿಸುವ ಮೊದಲು ಎಲ್ಲವನ್ನೂ ಒಗೆಯಬೇಕು. ಹೊಸ ಬಟ್ಟೆ ಸೇರಿಸುವುದಾದರಂತೂ ಎರಡು ಸಲ ಒಗೆಯಬೇಕು. ಒಗೆಯದ ಹೊಸ ಬಟ್ಟೆಯ ತೇಪೆಯನ್ನು ಹಳೆಯ ಬಟ್ಟೆಗೆ ಯಾರೂ ಹಾಕುವುದಿಲ್ಲ, ಅದು ಕುಗ್ಗಿ ಹಳೆಯದನ್ನು ಇನ್ನಷ್ಟು ಹರಿಯುತ್ತದೆ ಎಂಬ ಸಾಮತಿಯನ್ನು ಮಾರ್ಕನ ಶುಭಸಂದೇಶದಲ್ಲಿ ಕೇಳಿದ್ದೇವಲ್ಲ. ಗುರುಗಳು ಅದರ ಆಧ್ಯಾತ್ಮಿಕ ಅರ್ಥವನ್ನು ಹೇಳುತ್ತಾರೆ. ಹೊಲಿಯುವವರು ಅದನ್ನು ಇದ್ದ ಹಾಗೆಯೇ ಪಾಲಿಸಿದರೂ ಲಾಭ.

ಬಣ್ಣ ಬಿಡುವುದೇ ಎಂದು ನೋಡುವುದು ಇನ್ನೂ ಮುಖ್ಯ. ತುಂಡನ್ನು ನೆನೆಸಿ, ಬಿಳಿಯ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಯದಕ್ಕೆ ಬಣ್ಣ ಹತ್ತಿದರೆ ಆ ತುಂಡು ಬೇಡ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ಕೂರಬೇಡಿ. ನಾನು ಮೊದಲು ಒಂದು ಚೌಕವನ್ನು ಮಾಡಿ ದಿಂಬಿನ ಚೀಲವಾಗಿ ಹೊಲಿದು ನೋಡಿದೆ. ಅದರ ಹಿಂಬದಿಗೆ ಹೊಸದಾಗಿ ಕೊಂಡ ಕೆಂಪು ಬಟ್ಟೆ ಹಾಕಿದ್ದೆ. ಬಣ್ಣ ಹೋಗುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿದ್ದರು, ನಾನು ಪರೀಕ್ಷೆ ಮಾಡಲಿಲ್ಲ. ಮೊದಲ ಒಗೆತಕ್ಕೇ ಅಪ್ಪನ ಪಂಚೆಯ ಬಿಳಿ ತುಂಡು ಗುಲಾಬಿಯಾಯಿತು. ಒಣಗಲು ಬಿಡದೆ ತಣ್ಣೀರಿನಲ್ಲಿ ನಾಲ್ಕಾರು ಸಲ ನೆನೆಸಿ ಜಾಲಿಸಿದ್ದರಿಂದ ಬಹುಮಟ್ಟಿಗೆ ಹೋಯಿತು. ಪೂರ್ತಿ ಹೋಗಲಿಲ್ಲ. ಕೌದಿಗೇ ಹೀಗಾಗಿದ್ದರೆ ನಾನು ಅಳುತ್ತಿದ್ದೆ. ಆದ್ದರಿಂದ ಯಾರೇ ಆಗಲಿ, ಮೊದಲು ಒಂದು ಚೌಕ ಮಾಡಿ ಒಗೆದು ನೋಡಿ.

ಲೆಕ್ಕ ಮತ್ತು ಹೊಲಿಗೆ

ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಕೌದಿಗೆ ಒಂದು ಅಡಿಯ ಚೌಕಗಳು ಇಪ್ಪತ್ತನಾಲ್ಕು ಬೇಕು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು. ಪ್ರತಿ ಚೌಕಕ್ಕೂ ಅಡಿಯಲ್ಲಿ ಒಂದು ತಳದ ಬಟ್ಟೆ ಇರುತ್ತದೆ, ಹೊಲಿಗೆಗೆ ಸುತ್ತಲೂ ಅರ್ಧ ಅಂಗುಲ ಬಿಟ್ಟು ಹದಿಮೂರು ಅಂಗುಲಕ್ಕೆ ಕತ್ತರಿಸಬೇಕು. ಐವತ್ತು ಅಂಗುಲ ಅಗಲದ ಹಳೆಯ ಪಂಚೆಯಲ್ಲಿ ಅಡ್ಡಕ್ಕೆ ಮೂರು ಬರುತ್ತವೆ. ಎಂಟು ಸಾಲಿಗೆ ಮೂರು ಗಜ ಉದ್ದ ಸಾಕು. ಅಪ್ಪನ ಒಂದೇ ಪಂಚೆಯಲ್ಲಿ ನಮ್ಮ ಇಪ್ಪತ್ತನಾಲ್ಕು ತಳಗಳೂ ಆದವು. ಅವ್ವನ ಸೀರೆಗಳೆಲ್ಲ ಅಪ್ಪನ ಪಂಚೆಯ ಮೇಲೆ ಕುಳಿತವು ಎಂದು ತಂಗಿ ನಕ್ಕಳು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

ತಳದ ಬಟ್ಟೆಯ ನಡುವಿಗೆ, ಸರಿಯಾಗಿ ನಡುವಿಗಲ್ಲ, ಸ್ವಲ್ಪ ಓರೆಗೆ, ಐದು ಮೂಲೆಯ ಒಂದು ತುಂಡನ್ನು ಮುಖ ಮೇಲಾಗಿ ಇಡಿ. ಎರಡನೆಯ ತುಂಡನ್ನು ಅದರ ಮೇಲೆ ಮುಖ ಕೆಳಗಾಗಿ ಇಟ್ಟು, ಒಂದು ಬದಿಯ ಗುಂಟ ಕಾಲು ಅಂಗುಲ ಒಳಗೆ ತಳವೂ ಸೇರುವಂತೆ ಹೊಲಿದು, ಹೊರಕ್ಕೆ ಮಗುಚಿ ಇಸ್ತ್ರಿ ಹಾಕಿ. ಮೂರನೆಯದು ಮುಂದಿನ ಬದಿಗೆ, ಅದು ಮೊದಲೆರಡರ ಅಂಚನ್ನೂ ಮುಚ್ಚುವಷ್ಟು ಉದ್ದವಿರಲಿ. ಹೀಗೆ ಗಡಿಯಾರದ ಮುಳ್ಳು ತಿರುಗಿದಂತೆ ಸುತ್ತುತ್ತಾ ಹೋದರೆ ಎಂಟು ಹತ್ತು ತುಂಡಿಗೆ ಚೌಕ ತುಂಬುತ್ತದೆ. ಎಲ್ಲಾದರೂ ಮೂಲೆ ಬಾಯಿಬಿಟ್ಟರೆ ಗಾಬರಿಯಾಗಬೇಕಾಗಿಲ್ಲ. ಅಂಚು ಮಡಿಸಿದ ಚಿಕ್ಕ ತುಂಡನ್ನು ಮೇಲಿಟ್ಟು ಕಾಣದ ಹೊಲಿಗೆ ಹಾಕಿ, ಅದರ ಮೇಲೆ ಹೇಗೂ ಕಸೂತಿ ಬರುತ್ತದೆ. ಹೂವಿನ ಅಚ್ಚಿನ ಎರಡು ತುಂಡುಗಳನ್ನು ಮಗ್ಗುಲಲ್ಲಿ ಇಡಬೇಡಿ, ಕಣ್ಣಿಗೆ ಗಲಿಬಿಲಿ. ನಡುವೆ ಒಂದು ಸಾದಾ ಬಣ್ಣವಿದ್ದರೆ ಚಿತ್ರ ಹೊಲಿಯಲು ಜಾಗವೂ ಸಿಕ್ಕಿತು. ಜರಿಯ ತುಂಡು ಚುಚ್ಚುತ್ತದೆ, ಕೂಸಿನ ಕೌದಿಗೆ ಬೇಡವೇ ಬೇಡ. ಹಳೆಯ ರೇಷ್ಮೆಯ ಹಿಂದೆ ತೆಳುವಾದ ಹತ್ತಿ ಬಟ್ಟೆಯನ್ನು ಒತ್ತಾಗಿ ಇಟ್ಟೇ ಹೊಲಿಯಬೇಕು.

ತುಂಡು ಕೂಡಿದ ಗೆರೆಗಳ ಮೇಲೆ ಕಸೂತಿ. ಆರು ಎಳೆಯ ಕಸೂತಿ ದಾರದಲ್ಲಿ ಗೆರೆಗಳಿಗೆ ಮೂರು ಎಳೆ, ಚಿತ್ರಗಳಿಗೆ ಎರಡು ಎಳೆ ಸಾಕು. ದಾರ ಮೊಳಕ್ಕಿಂತ ಉದ್ದವಾದರೆ ಗಂಟುಬೀಳುತ್ತದೆ. ಕನ್ಯಾಮಠದ ಹೊಲಿಗೆ ತರಗತಿಗಳಲ್ಲಿ ಕಲಿತವರಿಗೆ ಹೆರಿಂಗ್‌ಬೋನ್, ಫೆದರ್, ಚೈನ್, ಲೇಜಿ ಡೇಜಿ, ಫ್ರೆಂಚ್ ನಾಟ್ ಇವೆಲ್ಲ ಪರಿಚಿತ. ಅವುಗಳಲ್ಲಿ ನಾಲ್ಕು ಬಂದರೂ ಒಂದು ಕೌದಿಯಾಗುತ್ತದೆ. ನಮ್ಮ ಧಾರವಾಡ ಸೀಮೆಯ ಕಸೂತಿಯ ಹೊಲಿಗೆಗಳನ್ನೂ ಸೇರಿಸಬಹುದು. ಗವಂತಿ ಎಂದರೆ ಹೋದ ದಾರಿಯಲ್ಲೇ ಮರಳಿ ಬಂದು ಗೆರೆ ತುಂಬುವ ಹೊಲಿಗೆ, ಮುರಗಿ ಮೆಟ್ಟಿಲಿನಂತೆ ಏರಿಳಿಯುವುದು, ನೇಗಿ ನೇಯ್ಗೆಯಂತೆ ಕಾಣುವುದು, ಮೆಂತೆ ಕತ್ತರಿ ಗುರುತಿನದು. ಗವಂತಿ, ಮುರಗಿಗಳು ಒಳಗೂ ಹೊರಗೂ ಒಂದೇ ಆಗಿ ಕಾಣಬೇಕು, ಗಂಟು ಹಾಕುವಂತಿಲ್ಲ. ಇವಕ್ಕೆ ಬಟ್ಟೆಯ ಎಳೆಗಳನ್ನು ಎಣಿಸಬೇಕು. ತೆಳು ಸೀರೆಯಲ್ಲಿ ಎಣಿಸುವುದು ಕಷ್ಟ. ಆಗ ಎಳೆ ಬಿಡಿಬಿಡಿಯಾದ ಮ್ಯಾಟಿ ಬಟ್ಟೆಯನ್ನು ಮೇಲೆ ಕಚ್ಚು ಹೊಲಿಗೆಯಿಂದ ನಿಲ್ಲಿಸಿ, ಅದರ ಎಳೆ ಎಣಿಸಿ ಕಸೂತಿ ಹಾಕಿ, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದುಬಿಡಬೇಕು.

ವಿಷಯವೊಂದಿದ್ದರೆ

ಇಪ್ಪತ್ತನಾಲ್ಕು ಚೌಕಕ್ಕೂ ಮನಸ್ಸಿಗೆ ಬಂದ ಹೂವು ಬಳ್ಳಿ ಹಾಕಬಹುದು. ಆದರೆ ಒಂದು ವಿಷಯವನ್ನಿಟ್ಟುಕೊಂಡು ಮಾಡಿದ ಕೌದಿ ಬೇರೆಯೇ ಆಗುತ್ತದೆ. 1987ರ ಅಕ್ಟೋಬರಿನಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಏಡ್ಸ್ ರೋಗದಿಂದ ಸತ್ತವರ ಹೆಸರಿನಲ್ಲಿ 1,920 ಫಲಕಗಳ ಒಂದು ಕೌದಿಯನ್ನು ಬಯಲಿನಲ್ಲಿ ಹಾಸಿದ್ದರು. ಒಂದೊಂದು ಫಲಕವೂ ಮೂರು ಅಡಿಗೆ ಆರು ಅಡಿ, ಒಂದು ಸಮಾಧಿಯ ಅಳತೆ. ಎಷ್ಟೋ ಮನೆಗಳವರು ಆ ರೋಗದ ಹೆಸರು ಹೇಳಲು ಹೆದರುತ್ತಿದ್ದ ಕಾಲ ಅದು. ಸತ್ತವರ ಅಂಗಿ, ಟೋಪಿಗಳನ್ನೇ ಅದಕ್ಕೆ ಹೊಲಿದಿದ್ದರು.

ಇದಕ್ಕೂ ಹಿಂದಿನ ಮಾದರಿ ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದಲ್ಲಿದೆ. ಯೊಪ್ಪದಲ್ಲಿ ತಬಿಥಾ ಎಂಬಾಕೆ ತೀರಿಕೊಂಡಾಗ ಸಂತ ಪೇತ್ರರು ಬರುತ್ತಾರೆ. ಮೇಲಂತಸ್ತಿನಲ್ಲಿ ಸೇರಿದ್ದ ವಿಧವೆಯರು ಅಳುತ್ತಾ ಅವರಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನು. ಆಕೆಯ ಗುಣಗಳನ್ನು ಮಾತಿನಲ್ಲಿ ಹೊಗಳಿದರೆಂದು ಅಲ್ಲಿ ಬರೆದಿಲ್ಲ, ಬಟ್ಟೆ ತೋರಿಸಿದರು ಎಂದಷ್ಟೇ ಇದೆ. ನಾನು ಈ ಭಾಗವನ್ನು ಎಷ್ಟೋ ಸಲ ಪೂಜೆಯಲ್ಲಿ ಕೇಳಿದ್ದೆ. ಟ್ರಂಕಿನ ಮುಂದೆ ಕುಳಿತ ದಿನವೇ ನನಗದು ಅರ್ಥವಾದದ್ದು.

ನಾವು ಇಟ್ಟುಕೊಂಡ ವಿಷಯ, ಅವ್ವನ ಕೈ ಮಾಡಿದ ಕೆಲಸಗಳು. ತಂಗಿಯೂ ನಾನೂ ಕುಳಿತು ಪಟ್ಟಿ ಮಾಡಿದೆವು. ಮೊದಲು ಬಂದವು ಎಲ್ಲರಿಗೂ ಹೊಳೆಯುವಂಥವೇ: ಮಲ್ಲಿಗೆ, ದೀಪ, ಶಿಲುಬೆ. ಅವುಗಳಲ್ಲಿ ಹೆಚ್ಚಿನವನ್ನು ಹೊಡೆದುಹಾಕಿದೆವು, ಅವು ಯಾರ ಅವ್ವನಿಗೂ ಆಗುತ್ತವೆ. ಆಮೇಲೆ ನಿಜವಾದವು ಬಂದವು. ರೊಟ್ಟಿ ತಟ್ಟುವ ಕೊಣಮಿಗೆ, ಮೂಲೆ ಮುರಿದ ಮೊರ, ಹಟಮಾರಿ ಕೆಂದಾಕಳು, ದಾವಣಗೆರೆಯಿಂದ ಕೊನೆಯ ಬಸ್ಸು ಬರುವವರೆಗೆ ಬಾಗಿಲಲ್ಲಿ ಇರುತ್ತಿದ್ದ ಲಾಟೀನು, ಹತ್ತಿ ಬಿಡಿಸುವ ಬುಟ್ಟಿ, ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಕೊಂಡೊಯ್ಯುತ್ತಿದ್ದ ಬುತ್ತಿಗಂಟು. ಆ ದೇವಾಲಯಕ್ಕೆ 2019ರಲ್ಲಿ ಕಿರು ಬಸಿಲಿಕಾದ ಪದವಿ ಬಂದಾಗ ಅವ್ವನಿಗೆ ಮಂಡಿನೋವು, ಹೋಗಲಾಗಲಿಲ್ಲ. ಆದ್ದರಿಂದ ಬಸಿಲಿಕಾದ ಗೋಪುರವನ್ನು ಹೊಲಿಯಲಿಲ್ಲ, ಬುತ್ತಿಗಂಟನ್ನು ಹೊಲಿದೆವು.

ಚಿತ್ರ ಬರೆಯಲು ಬಾರದವರು ಹೆದರಬೇಕಾಗಿಲ್ಲ. ಪೆನ್ಸಿಲ್ಲಿನಿಂದ ಕಾಗದದ ಮೇಲೆ ಬರೆದು, ಕಾರ್ಬನ್ನಿನಿಂದ ಬಟ್ಟೆಗೆ ಇಳಿಸಿ, ಹೊರಗೆರೆಗೆ ಮಾತ್ರ ಹೊಲಿಗೆ ಹಾಕಿದರೂ ಸಾಕು. ಜೋಳದ ತೆನೆಗೆ ಫ್ರೆಂಚ್ ನಾಟಿನ ಗಂಟುಗಳಿಗಿಂತ ಒಳ್ಳೆಯ ಹೊಲಿಗೆಯಿಲ್ಲ. ಅರಳಿದ ಹತ್ತಿಗೆ ಬಿಳಿಯ ದಾರವನ್ನು ಆರೂ ಎಳೆಯಲ್ಲಿ ಸಡಿಲವಾಗಿ ಹಾಕಬೇಕು. ಅವ್ವನ ಜಪಸರವನ್ನು ನಾನೇ ಹೊಲಿದೆ. ಸರಪಳಿಗೆ ಚೈನ್ ಹೊಲಿಗೆ, ಮಣಿಗಳಿಗೆ ಗಂಟು. ಮುಗಿಸಿ ಎಣಿಸಿದರೆ ಅರವತ್ತೊಂದು. ಐದು ದಶಕದ ಐವತ್ತು, ನಡುವಿನ ನಾಲ್ಕು, ಇಳಿಬಿದ್ದ ಭಾಗದ ಐದು, ಒಟ್ಟು 59 ಇರಬೇಕು. ಯಾರು ಎಣಿಸುತ್ತಾರೆ, ಬಿಡು ಎಂದಳು ತಂಗಿ. ಅವ್ವ ಎಣಿಸುತ್ತಿದ್ದಳು. ಎರಡು ಗಂಟು ಬಿಚ್ಚಿದೆ.

ಚೌಕಗಳೆಲ್ಲ ಆದ ಮೇಲೆ ಸಾಲಾಗಿ ಕೂಡಿಸಿ, ಸಾಲುಗಳನ್ನು ಒಂದಕ್ಕೊಂದು ಹೊಲಿದು, ಆ ಗೆರೆಗಳ ಮೇಲೂ ಕಸೂತಿ ಹಾಕಬೇಕು. ಇಲ್ಲದಿದ್ದರೆ ಚೌಕ ಎದ್ದು ಕಾಣುತ್ತದೆ. ನಡುವಿನ ಪದರಕ್ಕೆ ಅಂಗಡಿಯ ಹತ್ತಿಯ ಹಾಳೆ ಬೇಡ, ಮೆತ್ತಗಾದ ಹತ್ತಿ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಹಾಸಿ. ಅಡಿಗೆ ಇನ್ನೊಂದು ಸೀರೆ, ಅದು ಮೇಲಿನದಕ್ಕಿಂತ ಎರಡು ಅಂಗುಲ ಸುತ್ತಲೂ ಹೆಚ್ಚಿರಲಿ, ಮೇಲಕ್ಕೆ ಮಡಿಸಿ ಅಂಚು ಕಟ್ಟಬಹುದು. ಕೌದಿಗೆ ಹಾಕುವ ಒತ್ತು ಓಟದ ಹೊಲಿಗೆಯನ್ನು ಇಲ್ಲಿ ಹಾಕುವಂತಿಲ್ಲ, ಕಸೂತಿ ಕೆಡುತ್ತದೆ. ಆದ್ದರಿಂದ ಆರು ಅಂಗುಲಕ್ಕೊಂದರಂತೆ ಎಲ್ಲ ಪದರಗಳನ್ನೂ ಹಿಡಿದು ಗಟ್ಟಿ ದಾರ ಹಾಯಿಸಿ, ಹಿಂಬದಿಯಲ್ಲಿ ಎರಡು ಗಂಟು ಹಾಕಿ ಕತ್ತರಿಸಬೇಕು. ಮೂಲೆಗಳಿಗೆ ಸಿದ್ದಿಯರ ಹೂ ಇಡೋಣ ಎಂದದ್ದು ತಂಗಿ. ಅವ್ವನ ಕುಪ್ಪಸಗಳ ತುಂಡಿನಿಂದ ನಾಲ್ಕು ಮಾಡಿದೆವು.

ಒಗೆಯುವುದು ವರ್ಷಕ್ಕೊಮ್ಮೆ ಸಾಕು. ತಣ್ಣೀರು, ಸೌಮ್ಯ ಸೋಪು, ತಿಕ್ಕದೆ ಹಿಂಡದೆ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹಳೆಯ ಬಟ್ಟೆ ಸೀಳುತ್ತದೆ. ಎತ್ತಿಡುವಾಗ ಪ್ರತಿ ಸಲವೂ ಬೇರೆ ಜಾಗದಲ್ಲಿ ಮಡಿಸಿ, ಒಣಗಿದ ಬೇವಿನ ಎಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿಡಿ. ಆದರೆ ಎತ್ತಿಡಲೆಂದೇ ಕೌದಿ ಮಾಡಬೇಡಿ. ನಮ್ಮದನ್ನು ತಂಗಿಯ ಮೊಮ್ಮಗು ಈಗಾಗಲೇ ಎರಡು ಸಲ ಒದ್ದೆ ಮಾಡಿದೆ.

ಇಷ್ಟೆಲ್ಲಾ ಆಗಲು ನಮಗೆ ಏಳು ತಿಂಗಳು ಹಿಡಿಯಿತು. ಇಪ್ಪತ್ತನಾಲ್ಕನೆಯ ಚೌಕದ ನಡುವೆ ಮಾತ್ರ ಒಂದು ತುಂಡು ಖಾಲಿ ಉಳಿದಿತ್ತು, ಅಪ್ಪನ ಪಂಚೆಯ ಬಿಳಿ. ಅದು ಇಳಕಲ್ ಸೀರೆಗೆಂದು ಬಿಟ್ಟ ಜಾಗ. ನವೆಂಬರ್ 2ರ ಮೃತರ ಸ್ಮರಣೆಯ ದಿನ ಸಮಾಧಿಗೆ ಹೂ ಹಾಕಲು ಅಕ್ಕ ಬಂದಳು. ಮನೆಗೆ ಕರೆದು ಕೌದಿ ಹಾಸಿ ತೋರಿಸಿದೆ. ತಂಗಿ ಅಡುಗೆ ಮನೆಯಲ್ಲೇ ಇದ್ದಳು. ಅಕ್ಕ ಬಹಳ ಹೊತ್ತು ನೋಡಿ, ಖಾಲಿ ತುಂಡಿನ ಮೇಲೆ ಬೆರಳಾಡಿಸಿ, "ಸೀರೆ ಕೊಡಾಕಿಲ್ಲ ಕಣೇ" ಎಂದಳು. ಆಮೇಲೆ, "ಪಂಚೆ ಬಟ್ಟೆ ಇನ್ನೂ ಉಳಿದೈತಾ?" ಎಂದು ಕೇಳಿದಳು.

ಗೇಣಗಲದ ಪಂಚೆಯ ತುಂಡು, ಅಷ್ಟೇ ಮ್ಯಾಟಿ ಬಟ್ಟೆ, ಒಂದು ಕೆಂಪು ದಾರದ ಲಡಿ ಕೊಟ್ಟು ಕಳಿಸಿದೆ. ಎರಡು ತಿಂಗಳ ಮೇಲೆ ಅವಳ ಮಗ ಬಂದಾಗ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅದನ್ನು ತಂದುಕೊಟ್ಟ. ಸೀರೆಯನ್ನು ಮುಂದೆ ಹರಡಿಕೊಂಡು, ಅದರ ಸೆರಗಿನ ತೆನೆಗಳನ್ನೂ ದಡಿಯ ಗೆರೆಯನ್ನೂ ಎಣಿಸಿ ಎಣಿಸಿ ಗವಂತಿಯಲ್ಲಿ ಇಳಿಸಿದ್ದಳು. ತಿರುಗಿಸಿ ನೋಡಿದೆ, ಹಿಂದೆಯೂ ಒಂದು ಗಂಟಿರಲಿಲ್ಲ. ಆದರೆ ಮ್ಯಾಟಿಯ ಎಳೆ ಎಳೆಯುವಾಗ ಬಟ್ಟೆ ಬಿಗಿದುಕೊಂಡು, ನಮ್ಮ ಖಾಲಿ ಜಾಗಕ್ಕಿಂತ ಸುತ್ತಲೂ ಒಂದು ಬೆರಳು ಚಿಕ್ಕದಾಗಿತ್ತು.

ನಾನು ದಾರ ಸೂಜಿ ಹುಡುಕುವಷ್ಟರಲ್ಲಿ ತಂಗಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಚು ಮಡಿಸಿ, ಬಿಳಿಯ ನಡುವೆ ಇಟ್ಟು, ಸುತ್ತಲೂ ಮೆಂತೆ ಹೊಲಿಗೆ ಹಾಕತೊಡಗಿದಳು. ಅಕ್ಕನ ಮಗನಿಗೆ ಚಹಾ ಮಾಡಿಕೊಡಲು ನನಗೆ ಹೇಳಿದಳು.